ಗಿಡ ಎಣಿಸಲು ಕಲಿತ ವರ್ಷ

2022ರ ಎಳ್ಳ ಅಮಾವಾಸ್ಯೆ ದಿನ ನಮ್ಮವ್ವ ಚರಗದ ಬುಟ್ಟಿ ಹಿಡಿದು ಒಡ್ಡಿನ ಮೇಲೆ ನಿಂತುಬಿಟ್ಟಳು. ಮುಂದೆ ಹೆಜ್ಜೆ ಇಡಲಿಲ್ಲ. “ಯಾವ ಗಿಡಕ್ಕ ಚೆಲ್ಲಲೋ ತಮ್ಮಾ? ಎಲ್ಲಾ ಒಣಗಿ ನಿಂತಾವ” ಅಂದಳು.

ಕಲಬುರಗಿ ಕಡೆಯವರಿಗೆ ಈ ಹಬ್ಬದ ಬಗ್ಗೆ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಆ ದಿನ ನಮ್ಮ ಊರಲ್ಲಿ ಮನೆಯೊಳಗೆ ಯಾರೂ ಉಳಿಯುವುದಿಲ್ಲ. ಸಜ್ಜೆ ರೊಟ್ಟಿ, ಭಜ್ಜಿ, ಕಡುಬು ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗುತ್ತೇವೆ. ಭೂಮಿತಾಯಿಗೆ ಪೂಜೆ ಮಾಡಿ, ಅಡುಗೆಯನ್ನು ಬೆಳೆಯ ಮೇಲೆ ಚೆಲ್ಲುತ್ತೇವೆ. ಅದೇ ಚರಗ. ಆಮೇಲೆ ಅಲ್ಲೇ ಕೂತು ಊಟ. ಆ ವರ್ಷ ಊಟ ಯಾರಿಗೂ ಗಂಟಲಲ್ಲಿ ಇಳಿಯಲಿಲ್ಲ.

ನಮ್ಮದು ಆಳಂದ ತಾಲೂಕು. ನಾಲ್ಕು ಎಕರೆ ಎರೆ ಹೊಲ, ಮಳೆ ನಂಬಿದ ಬೇಸಾಯ. ಅಷ್ಟಕ್ಕೂ ತೊಗರಿ ಹಾಕಿದ್ದೆ. ಹೂ ಬಿಡುವ ತನಕ ದಾರಿಯಲ್ಲಿ ಹೋಗುವವರ ದೃಷ್ಟಿ ತಾಗುವಂತಿತ್ತು. ನವೆಂಬರ್‌ನಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಬಾಡಿದವು. ನೀರು ಕಡಿಮೆಯಾಗಿರಬೇಕು ಅಂದುಕೊಂಡೆ. ಎರಡು ವಾರದಲ್ಲಿ ಸಾಲು ಸಾಲೇ ಒಣಗಿತು. ಎಲೆ ಉದುರಲಿಲ್ಲ, ಹಾಗೇ ಗಿಡದ ಮೇಲೆ ಒಣಗಿ ನೇತಾಡುತ್ತಿದ್ದವು. ಊರವರು ನೋಡಿ “ನೆಟಿ ಬಿದ್ದದ” ಅಂದರು. ಗಿಡ ನಿಂತಲ್ಲೇ ಬಾಡಿ ಒಣಗುವ ನೆಟೆ ರೋಗಕ್ಕೆ ನಮ್ಮ ಕಡೆ ಹಾಗೆ ಅನ್ನುತ್ತಾರೆ. ಪೇಟೆಯ ಒಂದು ಅಂಗಡಿಗೆ ಹೋಗಿ ಹೇಳಿದೆ. ಅವರು ಮೂರು ಬಾಟಲಿ ಔಷಧಿ ಕೊಟ್ಟು ಬುಡಕ್ಕೆ ಸುರಿಯಲು ಹೇಳಿದರು. 3,600 ರೂಪಾಯಿ. ಸುರಿದೆ. ಒಂದು ಗಿಡವೂ ಏಳಲಿಲ್ಲ.

ಅದು ನನ್ನೊಬ್ಬನ ಕಥೆ ಆಗಿರಲಿಲ್ಲ. ಆ ವರ್ಷ ಜಿಲ್ಲೆಯ ತುಂಬಾ ತೊಗರಿ ಒಣಗಿತು. ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಘೋಷಿಸಿತು. ನನ್ನ ನಾಲ್ಕು ಎಕರೆ ಅಂದರೆ 1.6 ಹೆಕ್ಟೇರ್, 16,000 ರೂಪಾಯಿ ಲೆಕ್ಕ. ಬೀಜ, ಗೊಬ್ಬರ, ಎಡೆ, ಕಳೆ, ಎಣ್ಣೆ (ಕೀಟದ ಔಷಧಿ) ಹೊಡೆದ ಖರ್ಚು ಕೂಡಿಸಿದರೆ ಅದು ಅರ್ಧಕ್ಕೂ ಸಾಲದು. ಆದರೂ ದುಡ್ಡಿಗಿಂತ ನನ್ನನ್ನು ಜಾಸ್ತಿ ಕಾಡಿದ್ದು ಬೇರೆ ಮಾತು. ಏನಾಯಿತು ಅನ್ನೋದೇ ನನಗೆ ಗೊತ್ತಿರಲಿಲ್ಲ. ಹೆಸರು ಗೊತ್ತು, ನೆಟೆ. ಅದು ಎಲ್ಲಿಂದ ಬಂತು, ಯಾಕೆ ಬಂತು, ಮುಂದಿನ ವರ್ಷ ಬರುತ್ತೋ ಇಲ್ಲವೋ, ಏನೂ ಗೊತ್ತಿಲ್ಲ.

ನಮ್ಮೂರ ಶಾಲೆಯ ಮಾಸ್ತರೊಬ್ಬರು ಒಂದು ಮಾತು ಹೇಳಿದರು. “ಬರೀ ಕೈಲೆ ಹೋಗಬ್ಯಾಡ. ಗಿಡ ಬೇರು ಸಮೇತ ಕಿತ್ತು ತಗೊಂಡು ಹೋಗು. ಡಾಕ್ಟರ್ ಹತ್ರ ಹೋಗಬೇಕಾದ್ರ ಪೇಷಂಟ್‌ನ ಬಿಟ್ಟು ಹೋಗ್ತಾರೇನು?” ಅಮಾವಾಸ್ಯೆ ಮುಗಿದ ಮೂರನೇ ದಿನ ನಾಲ್ಕು ಗಿಡ ಕಿತ್ತು, ಚೀಲದಲ್ಲಿ ಸುತ್ತಿ, ಬಸ್ ಹತ್ತಿದೆ. ಕಲಬುರಗಿಯಲ್ಲಿ ಆಳಂದ ರಸ್ತೆಯ ಮೇಲೇ ಕೃಷಿ ಸಂಶೋಧನಾ ಕೇಂದ್ರ ಇದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದ್ದು. ಇಪ್ಪತ್ತು ವರ್ಷ ಅದರ ಮುಂದೆಯೇ ಬಸ್ಸಿನಲ್ಲಿ ಓಡಾಡಿದ್ದೇನೆ. ಒಳಗೆ ಕಾಲಿಟ್ಟಿದ್ದು ಅವತ್ತೇ ಮೊದಲು.

ಅಲ್ಲಿ ಸಸ್ಯರೋಗ ನೋಡುವ ಮೇಡಂ ಒಬ್ಬರಿದ್ದರು. ಗಿಡ ತಗೊಂಡರು. ಏನೂ ಕೇಳುವ ಮೊದಲೇ ಕಾಂಡದ ಬುಡ ನೋಡಿದರು. ಬೇರಿನ ಹತ್ತಿರದಿಂದ ಮೇಲಕ್ಕೆ ನೇರಳೆ ಬಣ್ಣದ ಪಟ್ಟಿ ಹತ್ತಿತ್ತು. ನಾನು ಅದನ್ನು ನೋಡೇ ಇರಲಿಲ್ಲ. ಆಮೇಲೆ ಚಾಕು ತಗೊಂಡು ಕಾಂಡವನ್ನು ಉದ್ದಕ್ಕೆ ಸೀಳಿದರು. ಒಳಗಿನ ಬಿಳಿ ಕಟ್ಟಿಗೆಯಲ್ಲಿ ಕಂದು, ಕಪ್ಪು ಗೆರೆಗಳು. ಪೆನ್ನಿನಿಂದ ಎಳೆದಂತೆ ಇದ್ದವು. “ನೋಡ್ರಿ, ಇವೆಲ್ಲಾ ನೀರು ಹೋಗೋ ಕೊಳವೆ. ಶಿಲೀಂಧ್ರ ಒಳಗೆ ಕೂತು ಇವನ್ನ ಮುಚ್ಚಿಬಿಟ್ಟದ. ಮಣ್ಣಿನ್ಯಾಗ ನೀರಿದ್ರೂ ಗಿಡಕ್ಕ ಮುಟ್ಟಂಗಿಲ್ಲ” ಅಂದರು. ಶಿಲೀಂಧ್ರದ ಹೆಸರು ಫ್ಯುಸೇರಿಯಂ ಉಡಂ. ಅದು ಮಣ್ಣಿನಲ್ಲಿ, ಹಿಂದಿನ ಬೆಳೆಯ ಕೂಳೆಯಲ್ಲಿ ಕೂತಿರುತ್ತದೆ. ಎರಡು ಮೂರು ವರ್ಷ ಹಾಗೇ ಬದುಕಿರುತ್ತದೆ. ಬೇರಿನಿಂದ ಒಳಗೆ ಹೋಗುತ್ತದೆ. ಗಿಡ ಚಿಕ್ಕದಿದ್ದಾಗಲೇ ಹೊಕ್ಕಿದ್ದರೂ ಹೂ, ಕಾಯಿ ಹೊತ್ತಿಗೆ ಜಾಸ್ತಿ ಹೊರಗೆ ಕಾಣಿಸುತ್ತದೆ.

ನಾಲ್ಕನೇ ಗಿಡ ಸೀಳಿದಾಗ ಗೆರೆ ಇರಲಿಲ್ಲ. ಅದರ ಬೇರಿನ ಸಿಪ್ಪೆ ಕೈ ಹಾಕಿದ ಕೂಡಲೇ ಕಳಚಿ ಬಂತು. ಒಳಗೆ ಇದ್ದಿಲ ಪುಡಿಯಂತೆ ಸಣ್ಣ ಕಪ್ಪು ಚುಕ್ಕಿ. ಅದು ನೆಟೆ ಅಲ್ಲ, ಒಣ ಬೇರು ಕೊಳೆ ರೋಗ, ಬೇರೆಯೇ ಶಿಲೀಂಧ್ರ ಅಂದರು. ಒಂದೇ ಹೊಲದಲ್ಲಿ ಎರಡು ರೋಗ! ಹೊರಗಿಂದ ನೋಡಿದರೆ ಎರಡೂ ಒಂದೇ ಥರ ಒಣಗಿದ ಗಿಡ. ಅಂಗಡಿಯವರು ಗಿಡ ನೋಡದೆ, ಸೀಳದೆ, ಕೇಳಿದ ಕೂಡಲೇ ಬಾಟಲಿ ಕೊಟ್ಟಿದ್ದು ನೆನಪಾಯಿತು. ನಾನೂ ಗಿಡ ನೋಡದೇ ದುಡ್ಡು ಕೊಟ್ಟಿದ್ದೆ. ಗಿಡ ಬಾಡಿದ ಮೇಲೆ ಬುಡಕ್ಕೆ ಏನು ಸುರಿದರೂ ಅದು ಏಳುವುದಿಲ್ಲ ಅಂತ ಮೇಡಂ ಸ್ಪಷ್ಟವಾಗಿ ಹೇಳಿದರು. ಮಾಡುವುದೆಲ್ಲ ಬಿತ್ತುವ ಮೊದಲೇ ಮಾಡಬೇಕು.

ಯಾವ ತಳಿ ಹಾಕಿದ್ದಿರಿ ಅಂತ ಕೇಳಿದರು. “ಮಾರುತಿ ರೀ” ಅಂದೆ, ಸ್ವಲ್ಪ ಜಂಬದಿಂದಲೇ. ಮಾರುತಿ ಅಂದರೆ ನೆಟೆ ತಡೆಯುವ ತಳಿ ಅಂತ ಎಲ್ಲರಿಗೂ ಗೊತ್ತು. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಅನ್ನುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಆರಿಸಿ ಬೆಳೆಸಿದ ತಳಿ ಅದು. ಐಸಿಪಿ 8863 ಅಂತ ಅದರ ನಂಬರು. 1986ರಲ್ಲಿ ಕರ್ನಾಟಕದ ರೈತರಿಗೆ ಬಿಡುಗಡೆ ಆಯಿತು. ನಮ್ಮಪ್ಪ ಎಷ್ಟೋ ವರ್ಷದ ಹಿಂದೆ ನಾಲ್ಕು ಕೆ.ಜಿ. ತಂದು ಬಿತ್ತಿದ್ದರು. ಆಮೇಲೆ ಪ್ರತಿ ವರ್ಷ ಅದರದೇ ಬೀಜ ಇಟ್ಟುಕೊಂಡು ಬಂದೆವು. ಅಪ್ಪ ತೀರಿಕೊಂಡ ಮೇಲೂ ಅವ್ವ ಅದನ್ನು “ನಿಮ್ಮಪ್ಪನ ಬೀಜ” ಅಂತಲೇ ಕರೆಯುತ್ತಾಳೆ.

ಮೇಡಂ ಹೇಳಿದ್ದು ಕೇಳಿ ನಾನು ಸುಮ್ಮನಾದೆ. ತೊಗರಿ ಹೂವಿಗೆ ಜೇನ್ನೊಣ ಬರುತ್ತವೆ. ಪಕ್ಕದ ಹೊಲದ ಬೇರೆ ತಳಿಯ ಪರಾಗ ತಂದು ಬೆರೆಸುತ್ತವೆ. ಹೀಗೆ ವರ್ಷಗಟ್ಟಲೆ ಆದರೆ ಮನೆಯಲ್ಲಿಟ್ಟ ಬೀಜ ಹೆಸರಿಗೆ ಮಾತ್ರ ಮಾರುತಿ. ಒಳಗೆ ಏನೇನು ಬೆರೆತಿದೆಯೋ. ಜೊತೆಗೆ ಶಿಲೀಂಧ್ರವೂ ಒಂದೇ ಥರ ಇರುವುದಿಲ್ಲ, ಅದರಲ್ಲೂ ಬಗೆಗಳಿವೆ. ಅಪ್ಪ ಒಂದು ಸಲ ಒಳ್ಳೆಯ ಬೀಜ ತಂದರು, ನಮ್ಮ ಕೆಲಸ ಮುಗೀತು ಅಂತ ನಾವು ಇಷ್ಟು ವರ್ಷ ಕೂತಿದ್ದೆವು.

“ಒಂದು ವರ್ಷ ಆ ಹೊಲಕ್ಕ ತೊಗರಿ ಬ್ಯಾಡ್ರಿ. ಜೋಳ ಹಾಕ್ರಿ. ಮುಂದಿನ ವರ್ಷ ಬರ್ರಿ, ನಿಮ್ಮ ಹೊಲದಾಗೇ ಒಂದು ಪ್ರಾತ್ಯಕ್ಷಿಕೆ ಮಾಡೋಣು” ಅಂದರು. ತೊಗರಿ ಜೊತೆ ಜೋಳ ಬೆಳೆದರೆ, ಇಲ್ಲವೇ ನಡುವೆ ಒಂದು ವರ್ಷ ಜೋಳ ಹಾಕಿದರೆ ನೆಟೆ ಕಡಿಮೆಯಾಗುತ್ತದೆ ಅಂತ ಇಕ್ರಿಸ್ಯಾಟ್‌ನಲ್ಲಿ ಪ್ರಯೋಗ ಮಾಡಿ ಕಂಡಿದ್ದಾರಂತೆ. ಮನೆಗೆ ಬಂದು ಅವ್ವನಿಗೆ ಹೇಳಿದೆ. “ನಿಮ್ಮ ಮುತ್ಯಾ ಜೋಳದಾಗ ತೊಗರಿ ಅಕ್ಕಡಿ ಹಾಕ್ತಿದ್ದ. ಬರೀ ತೊಗರಿ ಹಾಕೋದು ಶುರು ಮಾಡಿದ್ದು ನೀವೇ” ಅಂದಳು. ಮುತ್ಯಾ ಅಂದರೆ ಅಜ್ಜ, ಅಕ್ಕಡಿ ಅಂದರೆ ಒಂದು ಬೆಳೆಯ ನಡುವೆ ಇನ್ನೊಂದು ಬೆಳೆಯ ಸಾಲು. ಮುತ್ಯಾ ಯಾವ ಪ್ರಯೋಗಾಲಯ ನೋಡಿದ್ದ? ಆದರೆ ಅವನ ಹೊಲದಲ್ಲಿ ನಾಲ್ಕು ಎಕರೆ ಒಟ್ಟಿಗೆ ಒಣಗಿದ್ದು ಅವ್ವ ಕಂಡೇ ಇಲ್ಲ.

2023 ಬರದ ವರ್ಷ. ಹಿಂಗಾರಿಗೆ ಮಾಲದಂಡಿ ಜೋಳ ಹಾಕಿದೆ. ಕಾಳಿಗಿಂತ ಕಣಿಕೆಯೇ ಜಾಸ್ತಿ ಸಿಕ್ಕಿತು. ದನಗಳಿಗಾದರೂ ಆಯಿತು. ಆ ವರ್ಷದ ಬಗ್ಗೆ ಇಷ್ಟೇ ಸಾಕು.

2024ರ ಮೇ ತಿಂಗಳಲ್ಲಿ ಮಣ್ಣು ಪರೀಕ್ಷೆಯಿಂದ ಕೆಲಸ ಶುರುವಾಯಿತು. ಮಣ್ಣು ತೆಗೆಯೋದರಲ್ಲಿ ಏನಿದೆ ಅಂದುಕೊಂಡಿದ್ದೆ. ಅದಕ್ಕೂ ಕ್ರಮ ಇದೆ. ಒಡ್ಡಿನ ಪಕ್ಕ, ಗಿಡದ ನೆರಳಲ್ಲಿ, ತಿಪ್ಪೆ ಹಾಕಿದ್ದ ಜಾಗದಲ್ಲಿ ತೆಗೆಯಬಾರದು. ಹೊಲದಲ್ಲಿ ಹಾವಿನಂತೆ ಅಡ್ಡಾಡಿ ಹತ್ತು ಕಡೆ ಆರು ಇಂಚು ಆಳದ ಗುಂಡಿ ತೆಗೆದೆವು, ಇಂಗ್ಲಿಷ್‌ನ ವಿ ಅಕ್ಷರದ ಆಕಾರದಲ್ಲಿ. ಗುಂಡಿಯ ಬದಿಯಿಂದ ಮೇಲಿಂದ ಕೆಳಗೆ ಒಂದು ಪದರ ಮಣ್ಣು ಕೆರೆದು ಬುಟ್ಟಿಗೆ ಹಾಕಿದೆವು. ಎಲ್ಲಾ ಕೂಡಿಸಿ, ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಸಾಕಿ, ಮತ್ತೆ ಕೂಡಿಸಿ, ಮತ್ತೆ ಹಾಗೇ. ಕೊನೆಗೆ ಅರ್ಧ ಕೆ.ಜಿ. ಉಳಿಯಿತು. ವರದಿಯಲ್ಲಿ ಪೊಟ್ಯಾಷ್ ಬೇಕಾದಷ್ಟಿದೆ, ಸಾರಜನಕ ಮತ್ತು ಸತು ಕಡಿಮೆ ಅಂತ ಬಂತು. ಎಕರೆಗೆ 6 ಕೆ.ಜಿ. ಜಿಂಕ್ ಸಲ್ಫೇಟ್, ಅಂದರೆ ಸತುವಿನ ಗೊಬ್ಬರ, ಹಾಕಲು ಹೇಳಿದರು. ಅದನ್ನು ಡಿಎಪಿ ಅನ್ನುವ ರಂಜಕದ ಗೊಬ್ಬರದ ಜೊತೆ ಬೆರೆಸಬೇಡಿ, ಎರಡೂ ಸೇರಿದರೆ ಗಿಡಕ್ಕೆ ಸಿಗದ ಹಾಗೆ ಗಟ್ಟಿಯಾಗುತ್ತದೆ ಅಂದರು. ನಾನು ಇಷ್ಟು ವರ್ಷ ಸತು ಹಾಕಿದಾಗೆಲ್ಲ ಡಿಎಪಿ ಚೀಲದಲ್ಲೇ ಸುರಿದು ಕಲಸಿ ಬಿತ್ತಿದ್ದೆ.

ಪ್ರಾತ್ಯಕ್ಷಿಕೆಯ ಕರಾರು ಹೀಗಿತ್ತು. ಒಂದು ಎಕರೆಯಲ್ಲಿ ಅವರು ಹೇಳಿದ ಹಾಗೆ ನಾನು ಬೇಸಾಯ ಮಾಡಬೇಕು. ಪಕ್ಕದ ಒಂದು ಎಕರೆಯಲ್ಲಿ ನನ್ನ ಬೀಜ, ನನ್ನ ಪದ್ಧತಿ. ಹೊಸ ಪದ್ಧತಿ ಒಳ್ಳೆಯದು ಅಂತ ಎಲ್ಲ ಕಡೆ ಮಾಡಿಬಿಟ್ಟರೆ ಹೋಲಿಸಲು ಏನೂ ಉಳಿಯುವುದಿಲ್ಲ ಅಲ್ವಾ? ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದ ಮಾತು ಇದೇ. ಹಳೆಯದನ್ನು ಪಕ್ಕದಲ್ಲೇ ಇಟ್ಟುಕೊಂಡು ಹೊಸದನ್ನು ನೋಡಬೇಕು. ಅದೇ ಮಣ್ಣು, ಅದೇ ಮಳೆ, ಅದೇ ಕೈ. ಉಳಿದ ಎರಡು ಎಕರೆಗೆ ಹೆಸರು ಕಾಳಿನ ಬೆಳೆ ಹಾಕಿದೆ.

ಹೊಸ ತಳಿ ಜಿಆರ್‌ಜಿ-811. ಕಲಬುರಗಿ ಕೇಂದ್ರದಲ್ಲೇ ಬೆಳೆಸಿದ್ದು. ಐದು ಕೆ.ಜಿ. ಕೊಟ್ಟರು. ಬೀಜೋಪಚಾರ ನಮ್ಮ ಪಡಸಾಲೆಯಲ್ಲೇ ಆಯಿತು. ಅವ್ವ ಬೆಲ್ಲ ಕುದಿಸಿ ತೆಳ್ಳಗೆ ಪಾಕ ಮಾಡಿದಳು. ಪೂರ್ತಿ ಆರಿಸಿದ ಮೇಲೆ ಬೀಜದ ಮೇಲೆ ಚಿಮುಕಿಸಿದೆವು. ಕೆ.ಜಿ.ಗೆ 4 ಗ್ರಾಂ ಲೆಕ್ಕದಲ್ಲಿ ಟ್ರೈಕೋಡರ್ಮಾ ಪುಡಿ, ಆಮೇಲೆ ರೈಜೋಬಿಯಂ, ಅಂದರೆ ಬೇರಿನಲ್ಲಿ ಕೂತು ಗಿಡಕ್ಕೆ ಸಾರಜನಕ ಕೊಡುವ ಬ್ಯಾಕ್ಟೀರಿಯಾ. ಟ್ರೈಕೋಡರ್ಮಾ ಅಂದರೆ ಅದೂ ಒಂದು ಶಿಲೀಂಧ್ರವೇ. ಆದರೆ ನೆಟೆಯ ಶಿಲೀಂಧ್ರವನ್ನು ಬೆಳೆಯಲು ಬಿಡದ ಶಿಲೀಂಧ್ರ. ಬೂದಿ ಹಚ್ಚಿದಂತೆ ಒಂದೊಂದು ಕಾಳಿಗೂ ಮೆತ್ತುವ ತನಕ ಮೆಲ್ಲಗೆ ಉರುಳಿಸಬೇಕು. ತಿಕ್ಕಿದರೆ ಸಿಪ್ಪೆ ಏಳುತ್ತದೆ. ಅವ್ವ ಶಾವಿಗೆ ಹಿಟ್ಟು ನಾದಿದ ಕೈಯವಳು. ನನಗಿಂತ ಚೆಂದ ಮಾಡಿದಳು. ಬಿಸಿಲಿಗೆ ಒಣಗಿಸಬಾರದು, ಆ ಜೀವಗಳು ಸಾಯುತ್ತವೆ ಅಂತ ಹೇಳಿದ್ದರು. ನೆರಳಲ್ಲಿ ಅರ್ಧ ಗಂಟೆ ಹರಡಿದೆವು. “ಬೀಜಕ್ಕ ಅರಿಷಿಣ ಹಚ್ಚಿದಂಗ ಆತು” ಅಂದಳು ಅವ್ವ. ಎರಡು ಕೆ.ಜಿ. ಟ್ರೈಕೋಡರ್ಮಾವನ್ನು ಒಂದು ಕ್ವಿಂಟಲ್ ತಿಪ್ಪೆ ಗೊಬ್ಬರದಲ್ಲಿ ಕಲಸಿ, ನೀರು ಚಿಮುಕಿಸಿ, ಗೋಣಿ ಮುಚ್ಚಿ ಮೊದಲೇ ಇಟ್ಟಿದ್ದೆ. ಅದನ್ನು ಸಾಲಿಗೆ ಹಾಕಿದೆ.

ಜುಲೈ 1ಕ್ಕೆ ಬಿತ್ತಿದೆ. ಸಾಲಿನಿಂದ ಸಾಲಿಗೆ ಮೂರು ಅಡಿ, ಗಿಡದಿಂದ ಗಿಡಕ್ಕೆ ಒಂದು ಅಡಿ. ಮಳೆ ಆ ವರ್ಷ ಕೈ ಬಿಡಲಿಲ್ಲ.

ಆಗಸ್ಟ್ 20ರ ಸುಮಾರಿಗೆ, ಐವತ್ತನೇ ದಿನ, ಕುಡಿ ಚಿವುಟಬೇಕಿತ್ತು. ಗಿಡದ ತುದಿಯನ್ನು ಎರಡು ಬೆರಳಷ್ಟು ಚಿವುಟಿ ತೆಗೆಯುವುದು. ನಾಲ್ಕು ಹೆಣ್ಣಾಳು ಕರೆದಿದ್ದೆ. ಅವರು ಹೊಲಕ್ಕೆ ಬಂದು ಮುಖ ಮುಖ ನೋಡಿಕೊಂಡರು. “ಅಣ್ಣಾ, ಕಳೆ ತೆಗಿ ಅಂದ್ರ ತೆಗಿತೀವಿ. ಬೆಳಿಯೋ ಕೂಸಿನ ತಲಿ ಚಿವುಟು ಅಂದ್ರ ಹ್ಯಾಂಗ?” ಅಂತ ಅವರಲ್ಲಿ ಹಿರಿಯಳು ಕೇಳಿದಳು. ನನಗೂ ಒಳಗೆ ಅಳುಕಿತ್ತು. ಮೊದಲ ಸಾಲು ನಾನೇ ಚಿವುಟಿದೆ. ತುದಿ ಇದ್ದರೆ ಗಿಡ ಬರೀ ಮೇಲಕ್ಕೆ ಓಡುತ್ತದೆ. ತುದಿ ತೆಗೆದರೆ ಪಕ್ಕದ ಮೊಗ್ಗುಗಳು ಎದ್ದು ಟೊಂಗೆ ಒಡೆಯುತ್ತವೆ. ಈಗ ಇದಕ್ಕೆ ಬ್ಯಾಟರಿ ಮಷಿನ್ ಕೂಡ ಬಂದಿದೆ. ಒಂದು ಎಕರೆಗೆ ಕೈಯೇ ಸಾಕು ಅಂತ ಮಾಡಿದೆವು.

ಆವತ್ತು ನನಗೆ ಒಂದು ಯೋಚನೆ ಬಂತು. ಕೇಂದ್ರದವರನ್ನು ಕೇಳದೆಯೇ ನನ್ನ ಹಳೆ ಎಕರೆಯಲ್ಲೂ ನಾಲ್ಕು ಸಾಲು ಚಿವುಟಿದೆ, ಕಡ್ಡಿ ನೆಟ್ಟು ಗುರುತು ಮಾಡಿದೆ. ಮೂರು ವಾರ ಬಿಟ್ಟು ಎಣಿಸಿದರೆ, ಚಿವುಟದ ಗಿಡಕ್ಕೆ ಎಂಟು ಹತ್ತು ಟೊಂಗೆ, ಚಿವುಟಿದ್ದಕ್ಕೆ ಹದಿನಾಲ್ಕು ಹದಿನೈದು. ತಳಿ ಒಂದೇ, ಬೀಜ ಒಂದೇ. ಅಂದರೆ ಇದು ತಳಿಯ ಗುಣ ಅಲ್ಲ, ಚಿವುಟಿದ್ದರ ಗುಣ. ಕೇಂದ್ರದ ಸರ್ ಹೊಲಕ್ಕೆ ಬಂದಾಗ ಅಳುಕುತ್ತಲೇ ಇದನ್ನು ತೋರಿಸಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಡೈರಿ ತೆಗೆದು ಬರೆದುಕೊಂಡರು. “ನಾವು ರೈತರ ಹೊಲದಾಗ ಎಲ್ಲಾ ಒಟ್ಟಿಗೆ ಸೇರಿಸಿ ಒಂದು ಪ್ಯಾಕೇಜ್ ಅಂತ ನೋಡ್ತೀವಿ. ಯಾವುದರಿಂದ ಎಷ್ಟು ಲಾಭ ಅನ್ನೋದು ಕೇಂದ್ರದಾಗ ಬೇರೆ ಬೇರೆ ಮಾಡಿ ನೋಡಿರ್ತೀವಿ. ನೀವು ಇಲ್ಲೇ ಬೇರೆ ಮಾಡಿ ನೋಡೀರಿ” ಅಂದರು. ಆ ದಿನದಿಂದ ನಾನೂ ಒಂದು ನೋಟ್‌ಬುಕ್ ಇಟ್ಟೆ. ಮಗಳ ಶಾಲೆಯ ಹಳೆ ಗಣಿತದ ನೋಟ್‌ಬುಕ್, ಹಿಂದಿನಿಂದ ಹಾಳೆ ಖಾಲಿ ಇತ್ತು.

ಅಕ್ಟೋಬರ್‌ನಲ್ಲಿ ಹೂ. ಅರ್ಧ ಹೂ ಬಿಟ್ಟಾಗ ಒಮ್ಮೆ, ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಪಲ್ಸ್ ಮ್ಯಾಜಿಕ್ ಹೊಡೆದೆ. ರಾಯಚೂರು ವಿಶ್ವವಿದ್ಯಾಲಯದವರೇ ತಯಾರು ಮಾಡಿದ್ದು. ಪೋಷಕಾಂಶ ಮತ್ತು ಹೂ ಉದುರದಂತೆ ಹಿಡಿಯುವ ಪ್ರಚೋದಕ ಇರುತ್ತದೆ. ಲೀಟರಿಗೆ 10 ಗ್ರಾಂ, ಎಕರೆಗೆ 2 ಕೆ.ಜಿ. ಹದಿನಾರು ಲೀಟರಿನ ಪಂಪು, ಹನ್ನೆರಡೂವರೆ ಸಲ ತುಂಬಿಸಿ ಹೊಡೆದೆ. ಬೆನ್ನು ಎರಡು ದಿನ ನೋಯಿತು.

ಹೂವಿನ ಹಿಂದೆಯೇ ಹಸಿರು ಕೀಡೆ ಬರುತ್ತದೆ. ತೊಗರಿ ಬೆಳೆದವರಿಗೆ ಗೊತ್ತು, ನೆಟೆಯಿಂದ ಉಳಿದದ್ದನ್ನು ತಿನ್ನೋದು ಅದೇ. ಹಿಂದೆ ನಾನು ಪಕ್ಕದವರು ಎಣ್ಣೆ ಹೊಡೆದರೆ ನಾನೂ ಹೊಡೆಯುತ್ತಿದ್ದೆ. ಈ ಸಲ ಎಣಿಸಿ ಹೊಡೆಯಬೇಕು ಅಂದರು. ಮೋಹಕ ಬಲೆ ಕಟ್ಟಿದೆವು. ಹೆಣ್ಣು ಪತಂಗದ ವಾಸನೆ ಹಚ್ಚಿದ ಬಿರಡೆ ಅದರಲ್ಲಿರುತ್ತದೆ, ಗಂಡು ಪತಂಗ ಬಂದು ಬೀಳುತ್ತವೆ. ಬಲೆಗೆ ಜಾಸ್ತಿ ಬೀಳತೊಡಗಿದರೆ ಇನ್ನು ಕೆಲವೇ ದಿನದಲ್ಲಿ ಮೊಟ್ಟೆ ಅಂತ ಅರ್ಥ. ಗಿಡಕ್ಕೆ ಎರಡು ಮೊಟ್ಟೆ ಅಥವಾ ಒಂದು ಕೀಡೆ ಕಂಡರೆ ಕ್ರಮ ತಗೋಬೇಕು. ಮೊಟ್ಟೆ ಅಂದರೆ ಗಸಗಸೆ ಕಾಳಿನಷ್ಟು, ಹಳದಿ ಬಿಳಿ, ಹೂವಿನ ಮೊಗ್ಗಿಗೆ ಅಂಟಿರುತ್ತದೆ. ನನಗೆ ಮೊದಲ ದಿನ ಒಂದೂ ಕಾಣಲಿಲ್ಲ. ಮಗಳು ಒಂದು ಗಂಟೆಯಲ್ಲಿ ಹನ್ನೊಂದು ಹುಡುಕಿದಳು.

5 ಕೆ.ಜಿ. ಬೇವಿನ ಬೀಜ ಕುಟ್ಟಿ, ರಾತ್ರಿಯೆಲ್ಲಾ ನೆನೆಸಿ, ಸೋಸಿ, 100 ಲೀಟರ್ ಕಷಾಯ ಮಾಡಿ ಹೊಡೆದೆ. ಆದರೂ ದೊಡ್ಡ ಕೀಡೆ ಕೆಲವು ಉಳಿದವು. ಆಗ ನಮ್ಮ ಪಕ್ಕದ ಹೊಲದ ಕಾಕಾ ನೆನಪಿಸಿದ್ದು ನಮ್ಮ ಜಿಲ್ಲೆಯದೇ ಪದ್ಧತಿ, ಗಿಡ ಅಲುಗಿಸೋದು. ಇಬ್ಬರು ಸಾಲಿನ ನಡುವೆ ತಾಡಪತ್ರಿ ಎಳೆಯುತ್ತಾ ಹೋಗಬೇಕು. ಒಬ್ಬರು ಗಿಡ ಹಿಡಿದು ಝಾಡಿಸಬೇಕು. ಕೀಡೆಗಳು ಟಪಟಪ ಅಂತ ಬೀಳುತ್ತವೆ, ದಪ್ಪ ಮಳೆಹನಿ ಬಿದ್ದ ಸಪ್ಪಳ. ಹೊಲ ಮುಗಿಯುವ ಹೊತ್ತಿಗೆ ಅರ್ಧ ಬಕೆಟ್ ಕೀಡೆ. ಕಾಕಾನ ಮನೆಯ ಕೋಳಿಗಳಿಗೆ ಅವತ್ತು ಹಬ್ಬ. ಇದನ್ನು ಕೃಷಿ ವಿಜ್ಞಾನಿಗಳೂ ಒಪ್ಪಿ ಬೇರೆ ಊರವರಿಗೆ ಹೇಳಿಕೊಡುತ್ತಾರೆ. ಔಷಧಿಗೆ ಜಗ್ಗದ ಕೀಡೆ ತಾಡಪತ್ರಿಗೆ ಜಗ್ಗುತ್ತದೆ. ಆ ವರ್ಷ ಹೊಸ ಎಕರೆಗೆ ರಾಸಾಯನಿಕ ಔಷಧಿ ಒಂದೇ ಸಲ ಹೊಡೆದದ್ದು. ಮೊದಲು ನಾಲ್ಕೈದು ಸಲ ಹೊಡೆಯುತ್ತಿದ್ದೆ.

ನವೆಂಬರ್ ಕೊನೆಗೆ ನೆಟೆ ಎಣಿಕೆ. ಮೇಡಂ ಮತ್ತು ಇಬ್ಬರು ಹುಡುಗರು ಬಂದರು. ಒಂದೊಂದು ಎಕರೆಯಲ್ಲಿ ಐದು ಜಾಗ, ಒಂದೊಂದು ಜಾಗದಲ್ಲಿ ನೂರು ಗಿಡ. ನಾನು ಇಷ್ಟು ವರ್ಷ ಬೆಳೆ ನೋಡುತ್ತಿದ್ದದ್ದು ಒಡ್ಡಿನ ಮೇಲೆ ನಿಂತು. ಅಂಚಿನ ನಾಲ್ಕು ಸಾಲು ಚೆಂದ ಇದ್ದರೆ ಹೊಲ ಚೆಂದ ಇದೆ ಅನ್ನೋದು. ಒಳಗೆ ಹೋಗಿ ನೂರು ಗಿಡ ಒಂದೊಂದಾಗಿ ಮುಟ್ಟಿ ಎಣಿಸಿದರೆ ಹೊಲವೇ ಬೇರೆ ಕಾಣುತ್ತದೆ. ಒಣಗಿದ ಪ್ರತಿ ಗಿಡವನ್ನೂ ಸೀಳಿ ನೋಡಿದೆವು, ನೆಟೆಯೋ ಬೇರು ಕೊಳೆಯೋ ಅಂತ.

ಹಳೆ ಎಕರೆಯಲ್ಲಿ 500ಕ್ಕೆ 118 ಗಿಡ ನೆಟೆಗೆ ಹೋಗಿದ್ದವು. ನಡುವೆ ಒಂದು ವರ್ಷ ಜೋಳ ಹಾಕಿಯೂ ಅಷ್ಟು. ಹೊಸ ಎಕರೆಯಲ್ಲಿ 500ಕ್ಕೆ 31. ನನಗೆ ಕಣ್ಣಲ್ಲಿ ನೀರು ಬಂತು, ಇದನ್ನು ಬರೆಯಲು ಸಂಕೋಚವಿಲ್ಲ.

ಆದರೆ ಮೇಡಂ ನೋಟ್‌ಬುಕ್‌ನಲ್ಲಿ ಬೆರಳಿಟ್ಟು ನಿಂತರು. 31ರಲ್ಲಿ 24 ಗಿಡ ಒಂದೇ ಜಾಗದ್ದು. ಉಳಿದ ನಾಲ್ಕು ಜಾಗ ಸೇರಿ ಬರೀ 7. “ಇಲ್ಲಿ ಏನದ?” ಅಂತ ಕೇಳಿದರು. ಅದು ನನಗೆ ಗೊತ್ತಿತ್ತು. ಮೂಡಲ ಮೂಲೆ ತಗ್ಗು. ಜೋರು ಮಳೆ ಬಂದರೆ ಮೂರು ದಿನ ನೀರು ನಿಲ್ಲುತ್ತದೆ. ಚಿಕ್ಕವನಿದ್ದಾಗ ನಾವು ಅಲ್ಲಿ ಕಾಗದದ ದೋಣಿ ಬಿಡುತ್ತಿದ್ದೆವು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಹೇಳುವಂಥ ಸಂಗತಿ ಅನ್ನಿಸಿರಲಿಲ್ಲ. ತೊಗರಿ ನೀರು ನಿಂತರೆ ತಡೆಯುವ ಬೆಳೆ ಅಲ್ಲ. ಬೇರು ಉಸಿರುಗಟ್ಟಿ ಸೊರಗಿದರೆ ರೋಗಕ್ಕೆ ದಾರಿ ಸಲೀಸು. ತಳಿ ಎಷ್ಟೇ ಗಟ್ಟಿ ಇದ್ದರೂ ಅಲ್ಲಿ ಸೋತಿತ್ತು. ಬೀಜ ಕೊಡುವವರಿಗೆ ಬೀಜದ ಗುಣ ಗೊತ್ತಿರುತ್ತದೆ. ಹೊಲದ ತಗ್ಗು ದಿನ್ನೆ ಗೊತ್ತಿರೋದು ನಮಗೇ. ನಾವು ಬಾಯಿ ಬಿಟ್ಟು ಹೇಳದಿದ್ದರೆ ಅವರ ಲೆಕ್ಕವೂ ಅರ್ಧವೇ.

ಡಿಸೆಂಬರ್ ಮೊದಲ ವಾರ ಕ್ಷೇತ್ರೋತ್ಸವ. ಹೊಲದಲ್ಲೇ ಶಾಮಿಯಾನ, ನಲವತ್ತು ಐವತ್ತು ಜನ. ಹಾರ ತುರಾಯಿ, ಭಾಷಣ ಎಲ್ಲಾ ಆಯಿತು. ನನಗೆ ಇಷ್ಟ ಆಗಿದ್ದು ಅದಲ್ಲ. ಭಾಷಣ ಮುಗಿದ ಮೇಲೆ ಜನ ಎರಡು ಎಕರೆಯ ನಡುವಿನ ಸಾಲಿನಲ್ಲಿ ನಿಂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದ್ದು. ಯಾರೂ ಏನೂ ಹೇಳಿಕೊಡಬೇಕಾಗಿರಲಿಲ್ಲ. ಕಾಕಾ ಒಬ್ಬರೇ ಒಳಗೆ ಹೋಗಿ, ಕಾಯಿ ಹರಿದು, ಬಿಡಿಸಿ, ಕಾಳು ಎಣಿಸಿ, ಬಾಯಿಗೆ ಹಾಕಿಕೊಂಡು ಹೊರಗೆ ಬಂದರು. “ರುಚಿ ನಿಮ್ಮಪ್ಪನ ಬೀಜದಂಗೇ ಅದ” ಅಂದರು. ನಮ್ಮ ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದೇ ಈ ಮಣ್ಣಿನ ರುಚಿಗೆ. ಅವರಿಗೆ ಅದು ಮುಖ್ಯ ಆಗಿದ್ದು ಸರಿಯೇ.

ಡಿಸೆಂಬರ್ 30ಕ್ಕೆ ಎಳ್ಳ ಅಮಾವಾಸ್ಯೆ. ಬೆಳೆ ಕೊಯ್ಲಿಗೆ ಬಂದು ನಿಂತಿತ್ತು. ಅವ್ವ ಒಡ್ಡಿನ ಮೇಲೆ ನಿಲ್ಲಲಿಲ್ಲ. ಹೊಸ ಎಕರೆ, ಹಳೆ ಎಕರೆ ಎರಡನ್ನೂ ಸುತ್ತಿ ಚರಗ ಚೆಲ್ಲಿದಳು. ಮೂಡಲ ಮೂಲೆಯ ಒಣಗಿದ ಗಿಡಗಳಿಗೂ ಚೆಲ್ಲಿದಳು.

ಜನವರಿ ಮೊದಲ ವಾರ ಕೊಯ್ಲು. 5 ಮೀಟರ್ ಉದ್ದ, 5 ಮೀಟರ್ ಅಗಲ ಹಗ್ಗ ಕಟ್ಟಿ, ಅದರೊಳಗಿನದನ್ನು ಬೇರೆ ಕೊಯ್ದು, ಬಡಿದು, ತೂಗಿದರು. ಹೊಸದರಲ್ಲಿ 3 ಕೆ.ಜಿ. 400 ಗ್ರಾಂ, ಹಳೆಯದರಲ್ಲಿ 2 ಕೆ.ಜಿ. 200 ಗ್ರಾಂ. ಎಕರೆಗೆ ಲೆಕ್ಕ ಹಾಕಿದರೆ ಐದೂವರೆ ಕ್ವಿಂಟಲ್, ಮೂರೂವರೆ ಕ್ವಿಂಟಲ್ ಚಿಲ್ಲರೆ. ಪೂರ್ತಿ ರಾಶಿ ಮಾಡಿ ಚೀಲ ತೂಗಿದಾಗ ಸಿಕ್ಕಿದ್ದು 5 ಕ್ವಿಂಟಲ್ 10 ಕೆ.ಜಿ., ಮತ್ತು 3 ಕ್ವಿಂಟಲ್ 30 ಕೆ.ಜಿ. ಹಗ್ಗ ಕಟ್ಟಿದ್ದು ತಗ್ಗಿನ ಮೂಲೆಯಲ್ಲಿ ಅಲ್ಲವಲ್ಲ, ಅದಕ್ಕೇ ಈ ವ್ಯತ್ಯಾಸ. ಹಾಗಾಗಿ ನಾನು ಯಾರಾದರೂ ಕೇಳಿದರೆ ಚೀಲದ ಲೆಕ್ಕವನ್ನೇ ಹೇಳುತ್ತೇನೆ. ಆ ವರ್ಷದ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ. ಜಾಸ್ತಿ ಬಂದ 1 ಕ್ವಿಂಟಲ್ 80 ಕೆ.ಜಿ.ಗೆ ಆ ದರ ಹಿಡಿದರೆ 13,590. ಚಿವುಟುವ ಕೂಲಿ, ಪಲ್ಸ್ ಮ್ಯಾಜಿಕ್, ಬೇವಿನ ಬೀಜ, ಬಲೆ ಎಲ್ಲಾ ಸೇರಿ ಹೊಸ ಎಕರೆಗೆ ನನಗೆ 4,300 ಹೆಚ್ಚು ಖರ್ಚಾಗಿತ್ತು. ಬೀಜ ಮತ್ತು ಟ್ರೈಕೋಡರ್ಮಾ ಕೇಂದ್ರದವರು ಸುಮ್ನೆ ಕೊಟ್ಟಿದ್ದರು. ಕೊಂಡು ಮಾಡುವವರು ಅದನ್ನೂ ಸೇರಿಸಿಕೊಳ್ಳಬೇಕು.

ಬೀಜ ಇಡುವಾಗ ಅವ್ವನಿಗೂ ನನಗೂ ಸಣ್ಣ ಜಟಾಪಟಿ ಆಯಿತು. ಅವಳು ಒಡ್ಡಿನ ಪಕ್ಕದ ಸಾಲಿನ ದಪ್ಪ ಕಾಯಿ ಆರಿಸಿದ್ದಳು. ಅಲ್ಲಿ ಪಕ್ಕದಲ್ಲೇ ಹಳೆ ತೊಗರಿ ಇತ್ತು, ಜೇನ್ನೊಣ ಬೆರೆಸಿರುತ್ತವೆ ಅಂತ ಹೇಳಿದೆ. ಹಳೆ ತೊಗರಿಯಿಂದ ದೂರದ ಅಂಚಿನಲ್ಲಿ, ರೋಗ ಕಾಣದ ಗಿಡಗಳಿಂದ ಹದಿನೈದು ಕೆ.ಜಿ. ತೆಗೆದೆ. ಅದನ್ನೂ ಒಂದೆರಡು ವರ್ಷ ಮಾತ್ರ. ಆಮೇಲೆ ಮತ್ತೆ ಕೇಂದ್ರದಿಂದ ಹೊಸ ಬೀಜ ತರುವುದು. ಅಪ್ಪನ ಬೀಜವನ್ನೂ ಅವ್ವ ಬಿಡಲಿಲ್ಲ. ಎರಡು ಕೆ.ಜಿ. ಬೇರೆ ಡಬ್ಬಿಯಲ್ಲಿ ಬೇವಿನ ಎಲೆ ಹಾಕಿ ಇಟ್ಟಿದ್ದಾಳೆ. ಇರಲಿ ಅಂದೆ. ಪ್ರತಿ ವರ್ಷ ಹೋಲಿಸಲು ನಾಲ್ಕು ಸಾಲು ಬೇಕಲ್ಲ.

ಮೇ ತಿಂಗಳಲ್ಲಿ ಮೂಡಲ ಮೂಲೆಯಲ್ಲಿ ಕಾಲುವೆ ತೋಡಿದೆ. ಮೂವತ್ತು ಮೀಟರ್ ಉದ್ದ, ಒಂದೂವರೆ ಅಡಿ ಆಳ, ಹಳ್ಳದ ಕಡೆ ಇಳಿಜಾರು. ತಗ್ಗಿನಲ್ಲಿ ಏರುಮಡಿ ಮಾಡಿ ಅದರ ಮೇಲೆ ಬಿತ್ತಿ ನೋಡೋಣ ಅಂತ ಮೇಡಂ ಹೇಳಿದ್ದಾರೆ. ಅರ್ಧ ತಗ್ಗಿನಲ್ಲಿ ಏರುಮಡಿ, ಅರ್ಧ ಹಾಗೇ ಸಪಾಟು. ಎರಡಕ್ಕೂ ಒಂದೇ ಬೀಜ. ನೋಟ್‌ಬುಕ್‌ನಲ್ಲಿ ಹೊಸ ಹಾಳೆಗೆ ಗೆರೆ ಎಳೆದು ಎರಡು ಕಾಲಂ ಮಾಡಿ ಇಟ್ಟಿದ್ದೇನೆ.